ಮಂಡಿಯೂರಿದ ಬಸ್ಸು

ಅಮ್ಮಾ,

ಗ್ಯಾಸು ಆರಿಸಿದ್ದೇನೆ, ಚಿಲಕ ಹಾಕಿದ್ದೇನೆ, ಮತ್ತೊಂದು ಸಲ ಹೋಗಿ ನೋಡಿಯೂ ಬಂದಿದ್ದೇನೆ. ನೀನಿದ್ದಿದ್ದರೆ "ಗಾಬರೀ, ನಿನ್ನ ಕಾಟಕ್ಕೆ ಆ ಚಿಲಕ ಸವೆದು ಹೋಗುತ್ತೆ ಕಣೇ" ಅನ್ನುತ್ತಿದ್ದೆ. ಈಗ ಹಾಗೆ ಕರೆಯುವವರಿಲ್ಲ. ಏಳನೇ ಕ್ಲಾಸನ್ನು ಅರ್ಧಕ್ಕೆ ಬಿಟ್ಟವಳು ನಾನು, ಬರೆದದ್ದರಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ. ಇವತ್ತು ನಡೆದದ್ದನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ಹೊಸ ಬಸ್ಸು ಬಂತಮ್ಮಾ.

ನಿನ್ನ ಗಿಡ್ಡ ಸ್ಟೂಲು ನೆನಪಿದೆಯಲ್ಲ? ಡಯಾಲಿಸಿಸ್‌ಗೆ ಹೋಗುವ ದಿನ ನನ್ನ ಒಂದು ಕೈಯಲ್ಲಿ ನೀನು, ಇನ್ನೊಂದು ಕೈಯಲ್ಲಿ ಅದು. ಹಳೇ ಬಸ್ಸಿನ ಮೊದಲ ಮೆಟ್ಟಿಲು ನಿನ್ನ ಮಂಡಿಯ ಮಟ್ಟಕ್ಕಿತ್ತು. ಸ್ಟೂಲು ನೆಲಕ್ಕಿಟ್ಟು ನಿನ್ನನ್ನು ಅದರ ಮೇಲೆ ಹತ್ತಿಸಿ, ಅಲ್ಲಿಂದ ಬಸ್ಸಿಗೆ ದಾಟಿಸಿ, ನಾನೂ ಹತ್ತಿ, ಆಮೇಲೆ ಹಗ್ಗ ಹಿಡಿದು ಸ್ಟೂಲನ್ನು ಒಳಗೆಳೆದುಕೊಳ್ಳುತ್ತಿದ್ದೆ. ನಾನು ಕಾಜಾ-ಗುಂಡಿ ಹಾಕುವ ಟೈಲರ್ ಅಂಗಡಿಯ ಚೂರುಬಟ್ಟೆಯಲ್ಲಿ ಹೆಣೆದ ಹಗ್ಗ ಅದು. ಹಗ್ಗ ಚಕ್ರಕ್ಕೆ ಸಿಕ್ಕಿದರೆ? ನೀನು ಹತ್ತಿ ನಾನು ಕೆಳಗೇ ಉಳಿದರೆ? ಪ್ರತಿ ಸಲ ಅದೇ ಭಯ. ಎಷ್ಟೋ ಬಸ್ಸುಗಳು ಸ್ಟೂಲು ಕಂಡೊಡನೆ ನಿಲ್ಲದೆ ಹೋಗಿಬಿಡುತ್ತಿದ್ದವು. ತಡವಾಗಿ ಹೋದರೆ ಆಸ್ಪತ್ರೆಯಲ್ಲಿ ನಿನ್ನ ಮೆಷಿನ್ನು ಬೇರೆಯವರ ಪಾಲು. ಹಾಗೆ ಎಷ್ಟು ಸಲ ಊದಿದ ಕಾಲು ಎಳೆದುಕೊಂಡು ಮನೆಗೆ ಮರಳಿದೆವು!

ಕಾದು ಹತ್ತಿಸಿಕೊಳ್ಳುತ್ತಿದ್ದವನು ಅವನೊಬ್ಬನೇ, ನಿನ್ನ ಬೊಕ್ಕತಲೆ ಕಂಡಕ್ಟರು. "ಬನ್ನಿ ಬನ್ನಿ, ಮಹಾರಾಣಿ ಸಿಂಹಾಸನ ಸಮೇತ ಬಂದ್ರು, ದಾರಿ ಬಿಡ್ರಪ್ಪಾ" ಅಂತ ಕೂಗುತ್ತಿದ್ದ. ನೀನೂ ಬಿಡುತ್ತಿರಲಿಲ್ಲ. "ನಿನ್ನ ತಲೆ ಹೊಳೆಯೋದು ದೂರದಿಂದಲೇ ಕಾಣ್ಸುತ್ತೆ, ಬಸ್ಸಿಗೆ ಬೇರೆ ಲೈಟ್ ಯಾಕೋ?" ಅಂತ ಇಡೀ ಬಸ್ಸನ್ನು ನಗಿಸುತ್ತಿದ್ದೆ.

ಸರ್ಕಾರ ಊರಿನ ಬಸ್ಸುಗಳಿಗೆ ದೊಡ್ಡ ಮೊತ್ತ ಕೊಟ್ಟಿದೆ, ತಗ್ಗು ನೆಲದ ಬಸ್ಸುಗಳು ಬರುತ್ತವೆ ಅಂತ ಅಂಗಡಿಯ ಪೇಪರಿನಲ್ಲಿ ಅಕ್ಷರ ಕೂಡಿಸಿ ಓದಿ, ಓಡಿಬಂದು ನಿನಗೆ ಹೇಳಿದ್ದೆ. "ನನ್ನ ಮಂಡಿನೋವು ಸರ್ಕಾರಕ್ಕೆ ಗೊತ್ತಾಗೋಕೆ ಇಷ್ಟು ವರ್ಷ ಬೇಕಾಯ್ತಾ?" ಅಂದೆ. ಆದರೂ ಅವತ್ತಿನಿಂದ ಅದೇ ಜಪ. ಕಂಡಕ್ಟರನಿಗೆ ಹೊಸ ಬಸ್ಸಿನ ಟ್ರೈನಿಂಗ್ ಬಂತು. ಹೋಗುವ ಮುಂಚೆ ನಿನ್ನ ಪಕ್ಕ ಬಗ್ಗಿ, "ಅಜ್ಜೀ, ಸ್ವಲ್ಪ ದಿನ ತಡ್ಕೊಳ್ಳಿ. ಬಸ್ಸೇ ನಿಮ್ಮ ಮುಂದೆ ಮಂಡಿ ಊರುತ್ತೆ. ನಾನೇ ಊರಿಸ್ತೀನಿ" ಅಂದ.

"ಮಂಡಿ ಊರಿದ್ರೆ ಮತ್ತೆ ಏಳೋದು ಎಷ್ಟು ಕಷ್ಟ ಅಂತ ಅದಕ್ಕೂ ಮೊದಲೇ ಹೇಳಿಡಪ್ಪಾ" ಅಂದೆ ನೀನು.

ಆ ಸ್ವಲ್ಪ ದಿನ ನಿನ್ನ ಕೈಗೆ ಸಿಗಲಿಲ್ಲ.

ಇವತ್ತು ಬೆಳಿಗ್ಗೆ ಸ್ಟೂಲನ್ನು ಅಂಗಡಿಗೆ ಒಯ್ಯುತ್ತಿದ್ದೆ. ಮನೆಯಲ್ಲಿ ಅದನ್ನು ನೋಡಲಾಗುತ್ತಿಲ್ಲ, ಅಲ್ಲಾದರೆ ಕಾಲಿಡಲು ಆದೀತು ಅಂತ. ಸ್ಟಾಪಿನಲ್ಲಿ ನಿಂತಿದ್ದೆ. ದೂರದಲ್ಲಿ ಹೊಸ ಬಸ್ಸು, ಬಾಗಿಲಲ್ಲಿ ಹೊಳೆಯುವ ತಲೆ. ಸ್ಟೂಲು ಕಂಡದ್ದೇ ತಡ, ಅವನು ಮುಖವೆಲ್ಲ ನಗುವಾಗಿ ಒಳಗೆ ತಿರುಗಿ ಕೂಗಿದ. "ಡ್ರೈವರಣ್ಣಾ, ನಾನು ಹೇಳ್ತಿದ್ದೆನಲ್ಲ, ಅದೇ ಅಜ್ಜಿ! ಬಗ್ಗಿಸಣ್ಣಾ, ಪೂರ್ತಿ ಬಗ್ಗಿಸು!"

ಬಸ್ಸು ಉಸ್ಸೆಂದು ಉಸಿರು ಬಿಟ್ಟು ನನ್ನ ಕಡೆಗೆ ವಾಲಿ ಕುಳಿತಿತು. ಅವನು ಕೆಳಗಿಳಿದು ಬೀದಿಯ ತಿರುವಿನ ಕಡೆ ಕತ್ತು ಚಾಚಿದ. "ಹಿಂದೆ ಬರ್ತಿದ್ದಾರಾ? ನಿಧಾನಕ್ಕೇ ಬರೋಕೆ ಹೇಳಮ್ಮಾ."

ಒಳಗಿನವರೆಲ್ಲ ಕಿಟಕಿಯಲ್ಲಿ ಬಗ್ಗಿ ನೋಡುತ್ತಿದ್ದರು. ನನ್ನ ಕೈ ತನ್ನ ಅಭ್ಯಾಸದಂತೆ ಸ್ಟೂಲನ್ನು ಬಾಗಿಲ ಮುಂದೆ ನೆಲಕ್ಕಿಟ್ಟಿತು. ಬಸ್ಸಿನ ನೆಲವೂ ಸ್ಟೂಲೂ ಹೆಚ್ಚುಕಡಿಮೆ ಸಮವಾಗಿದ್ದವು ಅಮ್ಮಾ. ನೀನಿದ್ದಿದ್ದರೆ ಯಾರ ಕೈಯೂ ಹಿಡಿಯದೆ ಹತ್ತುತ್ತಿದ್ದೆ.

"ಅಮ್ಮ ಇಲ್ಲಣ್ಣಾ. ಹೋಗ್ಬಿಟ್ರು" ಅಂದೆ.

ಅವನ ಕೈ ಬಾಗಿಲ ಕಂಬಿಯ ಮೇಲೇ ನಿಂತಿತು. ಬಗ್ಗಿ ಸ್ಟೂಲನ್ನು ತಾನೇ ಎತ್ತಿಕೊಂಡು ಹೋಗಿ, ಬಾಗಿಲ ಪಕ್ಕದ ಮೊದಲ ಸೀಟಿನ ಮುಂದೆ ಮೆಲ್ಲಗೆ ಇಟ್ಟ. ನಾನು ಅದರ ಹಿಂದಿನ ಸೀಟಿನಲ್ಲಿ ಕುಳಿತೆ. ಮುಂದಿನಿಂದ ಡ್ರೈವರು ತಿರುಗಿ ನೋಡದೆಯೇ ಕೇಳಿದ. "ಅಜ್ಜಿ ಹತ್ತಿದ್ರಾ?"

"ಹ್ಞೂಂ, ಹತ್ತಿದ್ರು" ಅಂದ ಕಂಡಕ್ಟರು. "ನಿಧಾನಕ್ಕೆ ಹೋಗಣ್ಣಾ."

ಬಸ್ಸು ಎದ್ದಿತು. ಸದ್ದೇ ಇಲ್ಲದೆ, ಸುಲಭವಾಗಿ ಎದ್ದಿತು ಕಣಮ್ಮಾ. ದಾರಿಯುದ್ದಕ್ಕೂ ಆ ಸೀಟಿನಲ್ಲಿ ಅವನು ಯಾರನ್ನೂ ಕೂರಿಸಲಿಲ್ಲ. ಟಿಕೆಟ್ ಕೊಡಲು ಬಂದಾಗ ನನ್ನ ಮುಖ ನೋಡಲಿಲ್ಲ, ನಾನೂ ಅವನದನ್ನು ನೋಡಲಿಲ್ಲ. ಇಳಿಯುವಾಗ ಸ್ಟೂಲನ್ನು ಅಲ್ಲೇ ಬಿಟ್ಟೆ. ಬ್ರೇಕು ಹಾಕಿದರೆ ಜಾರೀತೇನೋ, ಯಾರಾದರೂ ಎಡವಿಯಾರೇನೋ ಅಂತ ದಿನವೆಲ್ಲ ಅದೇ ಯೋಚನೆ. ನಾಳೆ ಅವನನ್ನು ಕೇಳುತ್ತೇನೆ.

ನೀನಿರುವಲ್ಲಿ ಮೆಟ್ಟಿಲುಗಳು ತಗ್ಗಾಗಿರಲಿ ತಾಯೀ. ಕೂತರೆ ಏಳಲು ಕಷ್ಟವಾಗದಿರಲಿ.

ಚಿಲಕ ಇನ್ನೊಮ್ಮೆ ನೋಡಿ ಮಲಗುವ,
ನಿನ್ನ ಗಾಬರಿ