ನಿಮಗೆ ಸೇರಬೇಕಿದ್ದ ಕಣ್ಣು

ರಾಮಕೃಷ್ಣನಗರ, ಮೈಸೂರು

ಹೆಸರು ತಿಳಿಯದ ಕೆಸರೆಯ ಅಕ್ಕನಿಗೆ,

ಶಿಲ್ಪಶ್ರೀ ಕೈಮುಗಿದು ಬರೆಯುವುದು.

ನೀವು ನನ್ನನ್ನು ನೋಡಿಲ್ಲ, ನಾನೂ ನಿಮ್ಮನ್ನು ನೋಡಿಲ್ಲ. ನಿಮ್ಮ ವಿಷಯ ನನಗೆ ಗೊತ್ತಿರುವುದು ಇಷ್ಟೇ. ನಿಮಗೆ ಐವತ್ತರ ಹತ್ತಿರ ವಯಸ್ಸು. ಮನೆಯಲ್ಲೇ ಕೂತು ಊದಿನಕಡ್ಡಿ ಹೊಸೆಯುತ್ತೀರಿ. ಬಲಗಣ್ಣಿಗೆ ಹುಣ್ಣಾಗಿ, ಗುಡ್ಡೆ ಬೆಳ್ಳಗಾಗಿ ನೋಟ ಹೋಗಿದೆ. ಹೋದ ಜುಲೈ ತಿಂಗಳಲ್ಲಿ ಯಾರದಾದರೂ ಕಣ್ಣು ಬಂದೀತೇನೋ ಎಂದು ನೀವು ಕಾಯುತ್ತಿದ್ದಿರಿ. ಆ ತಿಂಗಳ ಹದಿನೇಳನೇ ತಾರೀಕು ನನ್ನ ಅಪ್ಪ ತೀರಿಕೊಂಡರು. ತಮ್ಮ ಎರಡೂ ಕಣ್ಣು ಕೊಡುವುದಾಗಿ ಅವರು ಮೊದಲೇ ಬರೆದುಕೊಟ್ಟಿದ್ದರು. ಅದರಲ್ಲಿ ಒಂದು ನಿಮಗೆ ಬರಬೇಕಿತ್ತು, ಬರಲಿಲ್ಲ. ಹಾಗಾದದ್ದು ನನ್ನಿಂದ. ಅದನ್ನು ಹೇಳಲು ಈ ಕಾಗದ.

ಮೊದಲು ನಿಮಗೆ ಬರಬೇಕಿದ್ದ ಕಣ್ಣು ಎಂಥದ್ದೆಂದು ಹೇಳುತ್ತೇನೆ. ಅಪ್ಪನ ಹೆಸರು ಕರಿಬಸವಯ್ಯ. ಮೂವತ್ತೊಂದು ವರ್ಷ ರೇಷ್ಮೆ ಕಾರ್ಖಾನೆಯಲ್ಲಿ ಸೀರೆ ತಪಾಸಣೆಯ ಕೆಲಸ ಮಾಡಿದವರು. ಮಗ್ಗದಿಂದ ಇಳಿದ ಸೀರೆಯನ್ನು ಬೆಳಕಿಗೆ ಹಿಡಿದು, ಎಳೆ ತಪ್ಪಿದ ಜಾಗವನ್ನು ಹುಡುಕಿ ಸೀಮೆಸುಣ್ಣದಲ್ಲಿ ಗುರುತು ಹಾಕುವುದು ಅವರ ಕೆಲಸ. ನಿವೃತ್ತಿಯಾದ ಮೇಲೂ ಆ ಚಾಳಿ ಹೋಗಲಿಲ್ಲ. ಮದುವೆ ಮನೆಗೆ ಹೋದರೆ ಊಟದ ಪಂಕ್ತಿಯಲ್ಲಿ ಕೂತವರ ಸೆರಗನ್ನು ನೋಡುತ್ತಿದ್ದರು. "ಆಯಮ್ಮಂಗೆ ಮೋಸ ಮಾಡ್ಬುಟ್ಟವ್ರೆ ನೋಡು, ಅಂಚಲ್ಲಿ ಎರಡೆಳೆ ಬಿಟ್ಟೋಗದೆ" ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದರು. ಅಮ್ಮನಿಗೆ ಅದರಿಂದ ಆದ ಮುಜುಗರ ಅಷ್ಟಿಷ್ಟಲ್ಲ.

ಅಪ್ಪನಿಗೆ ಎಪ್ಪತ್ತು ತುಂಬಿದ ವರ್ಷ, ನಮ್ಮ ಬಡಾವಣೆಯ ಕಲ್ಯಾಣ ಮಂಟಪದಲ್ಲಿ ನಡೆದ ಕಣ್ಣಿನ ತಪಾಸಣೆ ಶಿಬಿರಕ್ಕೆ ಹೋದವರು ಒಂದು ಕಾರ್ಡು ಹಿಡಿದುಕೊಂಡು ಬಂದರು. ನೇತ್ರದಾನದ ಕಾರ್ಡು. ನಮ್ಮನ್ನೆಲ್ಲ ನಡುಮನೆಯಲ್ಲಿ ಕೂರಿಸಿಕೊಂಡು, ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟ ಹಾಗೆ ಹೇಳಿಕೊಟ್ಟರು. "ಉಸಿರು ನಿಂತ್ಮೇಲೆ ಆರು ಗಂಟೆ ಒಳಗೆ ಈ ನಂಬರ್‌ಗೆ ಫೋನ್ ಮಾಡ್ಬೇಕು. ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡ್ಬೇಕು. ಫ್ಯಾನ್ ಆರಿಸ್ಬೇಕು, ಕಣ್ಣು ಒಣಗೋಗ್ತದೆ. ಎಲ್ಲಿ, ಹೇಳಿ ನೋಡಣ." ನನ್ನ ತಮ್ಮ ಮಹೇಶ ನಗುತ್ತಲೇ ಒಪ್ಪಿಸಿದ. ಅಮ್ಮ ಎದ್ದು ಅಡುಗೆಮನೆಗೆ ಹೋದರು. ಕಾರ್ಡನ್ನು ಅಪ್ಪ ಮಹೇಶನ ಪರ್ಸಿಗೆ ಹಾಕಿಸಿದರು.

ನಾನು ಏನು ಮಾಡಿದೆ ಗೊತ್ತೇ ಅಕ್ಕಾ? ಅದನ್ನು ಬರೆದೆ. ನನಗೊಂದು ಬ್ಲಾಗ್ ಇದೆ, 'ಹಿತ್ತಲ ಮೆಟ್ಟಿಲು' ಅಂತ. ಹನ್ನೊಂದು ವರ್ಷದಿಂದ ಅಲ್ಲಿ ಮನೆಯ ಸುದ್ದಿ ಬರೆಯುತ್ತೇನೆ. ಮಗಳು ಲಾಸ್ಯಳ ಪರೀಕ್ಷೆ, ಅಮ್ಮನ ಮಂಡಿನೋವು, ಹಾಲಿನವರೊಡನೆ ಜಗಳ, ಮಠದ ದಾಸೋಹಕ್ಕೆಂದು ಅಮ್ಮ ದಿನಾ ತೆಗೆದಿಡುವ ಹಿಡಿ ಅಕ್ಕಿ. ಅಪ್ಪನ ಆ ಪಾಠವನ್ನು ಬರೆದ ದಿನ ಎಂದೂ ಇಲ್ಲದಷ್ಟು ಜನ ಓದಿದರು, ಹಂಚಿಕೊಂಡರು. ಮೊಬೈಲಿನಲ್ಲಿ ಓದಿ ಮುಗಿಸಿದ ಅಪ್ಪ, "ಕೊಡಕ್ ಮುಂಚೆನೇ ಕೊಟ್ಟಂಗೆ ಬರ್ದ್ಬುಟ್ಯಲ್ಲಮ್ಮ" ಎಂದು ನಕ್ಕರು. ನಾನೂ ನಕ್ಕೆ. ಹೊಗಳಿಕೆ ಎಂದುಕೊಂಡಿದ್ದೆ.

ಹೃದಯದ ತೊಂದರೆಯಿಂದ ಎರಡು ದಿನ ನರ್ಸಿಂಗ್ ಹೋಮಿನಲ್ಲಿದ್ದು, ಆ ಗುರುವಾರ ಬೆಳಿಗ್ಗೆ ಆರೂ ನಲವತ್ತಕ್ಕೆ ಅಪ್ಪ ಹೋದರು. ಅಮ್ಮನನ್ನು ಪಕ್ಕದ ಮನೆಯ ಸುಮಿತ್ರಮ್ಮನವರ ಜೊತೆ ಮನೆಗೆ ಕಳಿಸಿದೆವು. ಮಹೇಶ ಕೌಂಟರಿನ ಹತ್ತಿರ ನಿಂತು ಯಾರೊಂದಿಗೋ ಫೋನಿನಲ್ಲಿ, "ಹೌದು, ಆರೂ ನಲವತ್ತಕ್ಕೆ. ಬೇಗ ಬಂದ್ಬುಡಿ ಸಾರ್" ಎನ್ನುತ್ತಿದ್ದ. ಕಾರ್ಡು ಅವನ ಪರ್ಸಿನಲ್ಲಿತ್ತಲ್ಲ, ಕಣ್ಣಿನವರಿಗೇ ಹೇಳುತ್ತಿದ್ದಾನೆ ಎಂದುಕೊಂಡೆ. ಅವನು ಮಾತಾಡುತ್ತಿದ್ದದ್ದು ಆಂಬುಲೆನ್ಸಿನವನೊಂದಿಗೆ.

ನಾನು ಹೊರಗೆ ಬಂದು, ಕಾಂಪೌಂಡಿನ ಸಿಮೆಂಟ್ ಬೆಂಚಿನ ಮೇಲೆ ಕೂತೆ. ಅಳು ಬರಲಿಲ್ಲ. ನನಗೆ ದುಃಖವಾದರೂ ಸಂತೋಷವಾದರೂ ಬೆರಳು ಮೊದಲು ಮೊಬೈಲಿಗೆ ಹೋಗುತ್ತದೆ. ಬರೆಯತೊಡಗಿದೆ. 'ಅಪ್ಪ ಹೋದರು. ಅವರ ಕಣ್ಣುಗಳು ಉಳಿದವು' ಎಂದು ಶುರುಮಾಡಿದೆ. 'ನಾಳೆ ಈ ಊರಿನ ಯಾವುದೋ ಬೀದಿಯಲ್ಲಿ ಅಪ್ಪ ಮತ್ತೆ ಬೆಳಕು ನೋಡುತ್ತಾರೆ' ಎಂದು ಮುಗಿಸಿದೆ. 'ಬೀದಿ' ಎನ್ನಲೋ 'ಕೇರಿ' ಎನ್ನಲೋ ಎಂದು ಯೋಚಿಸಿ ಎರಡು ಸಲ ತಿದ್ದಿದೆ. ಅಪ್ಪನ ಹೆಣ ಒಳಗಿತ್ತು, ನಾನು ಪದ ಆರಿಸುತ್ತಿದ್ದೆ. ಏಳೂ ಐವತ್ತಕ್ಕೆ ಬ್ಲಾಗಿಗೆ ಹಾಕಿದೆ.

ಮಹೇಶ ಅದನ್ನು ಬಿಲ್ಲಿನ ಸಾಲಿನಲ್ಲಿ ನಿಂತು ಓದಿದ. ಕಾರ್ಡು ತೆಗೆಯಲು ಪರ್ಸಿಗೆ ಕೈ ಹಾಕಿದ್ದನಂತೆ. ಅಕ್ಕ ಎಲ್ಲ ಮಾಡಿ ಮುಗಿಸಿದ್ದಾಳೆ ಎಂದುಕೊಂಡು ಪರ್ಸನ್ನು ಮತ್ತೆ ಜೇಬಿಗಿಟ್ಟ. ಅಂದರೆ ನಾನು ಫೋನ್ ಮಾಡದೆ ಇದ್ದದ್ದಷ್ಟೇ ಅಲ್ಲ, ಮಾಡುತ್ತಿದ್ದವನ ಕೈಯನ್ನೂ ತಡೆದೆ. ಇದನ್ನು ನಿಮಗೆ ಹೇಳದೆ ಬಿಟ್ಟರೆ ಈ ಕಾಗದವೂ ಆ ಬರಹದ ಹಾಗೆಯೇ ಆಗುತ್ತದೆ.

ಹನ್ನೊಂದು ಗಂಟೆಗೆ ಅಪ್ಪನನ್ನು ಮನೆಗೆ ತಂದರು. ನಾನು ಹೊರಗೆ ಕೂತಿದ್ದಾಗಲೇ ಕಣ್ಣಿನವರು ಬಂದು ಹೋಗಿರುತ್ತಾರೆ ಎಂದುಕೊಂಡಿದ್ದೆ. ಮಠದಿಂದ ಅಯ್ಯನವರು ಬಂದರು. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದರು. ಜನ ತುಂಬಿ ಸೆಕೆಯಾಗಿ ಯಾರೋ ಫ್ಯಾನನ್ನು ಜೋರು ಮಾಡಿದರು. ಅಪ್ಪನ ತಲೆಯ ಮೇಲೆಯೇ ಅದು ಗಿರಗಿರ ತಿರುಗುತ್ತಿತ್ತು. ಆಗಿನ್ನೂ ಒಂದೂವರೆ ಗಂಟೆಗಿಂತ ಹೆಚ್ಚು ಹೊತ್ತು ಉಳಿದಿತ್ತು. ಫ್ಯಾನನ್ನು ನೋಡಿಯಾದರೂ ನನಗೆ ಹೊಳೆಯಬೇಕಿತ್ತು. ಬಂದವರೆಲ್ಲ ನನ್ನ ಕೈ ಹಿಡಿದು, ಓದಿದೆವು ಕಣಮ್ಮ, ಎಂಥಾ ದೊಡ್ಡ ಕೆಲಸ ಮಾಡಿದಿರಿ ಎನ್ನುತ್ತಿದ್ದರು. ನಾನು ತಲೆ ಆಡಿಸುತ್ತಿದ್ದೆ. ಮೂರು ಗಂಟೆಗೆ ಅಪ್ಪನನ್ನು ಮಣ್ಣು ಮಾಡಿ ಬಂದೆವು.

ಅಂದು ಸಂಜೆ ಕಾಫಿ ಕುಡಿಯುತ್ತಾ ಮಹೇಶ ಕೇಳಿದ: "ಅಕ್ಕ, ಕಣ್ಣಿನ ಆಸ್ಪತ್ರೆಯೋರು ಸರ್ಟಿಫಿಕೇಟ್ ಯಾವಾಗ ಕೊಡ್ತಾರಂತೆ?"

"ನಿಂಗೇ ಹೇಳಿರ್ತಾರಲ್ಲೋ, ಫೋನ್ ಮಾಡಿದ್ದು ನೀನಲ್ವಾ?" ಎಂದೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಷ್ಟರಲ್ಲಿ ಅಮ್ಮ ಒಳಗಿನಿಂದ ಬಂದು, "ಕಣ್ಣು ಸರಿಯಾಗಿ ತಲುಪ್ತಂತಾ?" ಎಂದರು. ನಾನು ಹೂಂ ಎಂದೆ. ಮಹೇಶ ಲೋಟ ಹಿಡಿದು ಎದ್ದು ಹೋದ.

ಆ ಒಂದು ಹೂಂ ಒಂಬತ್ತು ತಿಂಗಳು ನಡೆಯಿತು ಅಕ್ಕಾ. ನನ್ನ ಅಮ್ಮ ಸರ್ವಮಂಗಳಾ ಅತ್ತು ಗೋಳಾಡುವ ಜೀವವಲ್ಲ. ಆದರೆ ಅಪ್ಪ ಹೋದ ಮೇಲೆ ಅವರಿಗೊಂದು ಹೊಸ ಅಭ್ಯಾಸ ಬಂತು. ಸಿಟಿ ಬಸ್ಸಿನಲ್ಲಿ, ತರಕಾರಿ ಅಂಗಡಿಯಲ್ಲಿ, ದೇವಸ್ಥಾನದ ಸಾಲಿನಲ್ಲಿ ಎದುರಿಗಿದ್ದವರ ಕಣ್ಣನ್ನು ನೋಡುತ್ತಾ ನಿಂತುಬಿಡುವುದು. ಒಂದು ದಿನ ಬಸ್ಸಿನಲ್ಲಿ ಒಬ್ಬ ಹುಡುಗಿ, "ಯಾಕಜ್ಜಿ, ನನ್ ಮುಖದಲ್ಲಿ ಏನಾದ್ರೂ ಐತಾ?" ಎಂದು ಕೇಳಿಯೇಬಿಟ್ಟಳು. "ಯಾರಿಗೆ ಹಾಕಿದ್ರು ಅಂತ ಹೇಳಲ್ವಂತೆ ಕಣೆ. ಹೋಗ್ಲಿ ಬುಡು. ಯಾರಾದ್ರೂ ಸೀರೆ ಅಂಚನ್ನ ಬೆಳಕಿಗೆ ಹಿಡಿದು ನೋಡ್ತಾ ನಿಂತಿದ್ರೆ ನಂಗೆ ಗೊತ್ತಾಗೋಯ್ತದೆ" ಎಂದು ನನ್ನೊಡನೆ ತಮಾಷೆಯಾಗಿ ಹೇಳುತ್ತಿದ್ದರು. ತಮಾಷೆ ಎಂದು ಹೇಳಿದರೂ ಅವರು ನಿಜಕ್ಕೂ ಹುಡುಕುತ್ತಿದ್ದರು. ಹೇಳಿಬಿಡೋಣ ಎಂದು ಎಷ್ಟು ಸಲ ಅವರ ಹತ್ತಿರ ಹೋಗಿ ಕೂತಿಲ್ಲ. ಪ್ರತಿ ಸಲವೂ ಮಂಡಿಗೆ ಎಣ್ಣೆ ತಿಕ್ಕಿ ಎದ್ದು ಬಂದೆ. ಗಂಡನನ್ನು ಒಮ್ಮೆ ಕಳೆದುಕೊಂಡವರಿಗೆ ಮತ್ತೊಮ್ಮೆ ಕಳೆದುಕೊಳ್ಳುವ ಹಾಗೆ ಮಾಡುವುದಕ್ಕೆ ನನಗೆ ಬಾಯಿ ಬರುತ್ತಿರಲಿಲ್ಲ.

ಅಕ್ಟೋಬರಿನಲ್ಲಿ ನಾನೊಬ್ಬಳೇ ಕಣ್ಣಿನ ಬ್ಯಾಂಕಿಗೆ ಹೋದೆ. ಅಲ್ಲಿ ಗುರುಕಿರಣ್ ಎಂಬುವವರು ಇದ್ದರು. ನಡೆದದ್ದನ್ನು ಹೇಳಿ, ಆ ವಾರ ಯಾರಾದರೂ ಕಾಯುತ್ತಿದ್ದರೇ ಎಂದು ಕೇಳಿದೆ. ಇಲ್ಲ ಎನ್ನಲಿ ಎಂಬ ಆಸೆಯಿಂದಲೇ ಕೇಳಿದ್ದು. "ಕಾಯೋರು ಯಾವಾಗ್ಲೂ ಇರ್ತಾರೆ ಮೇಡಂ. ಆ ವಾರ ಯಾರದೂ ಬರ್ಲಿಲ್ಲ. ಕೆಸರೆ ಕಡೆಯೋರು ಒಬ್ರು, ಐವತ್ತರ ಹತ್ರ, ಬಲಗಣ್ಣು ಹುಣ್ಣಾಗಿತ್ತು, ಊದಿನಕಡ್ಡಿ ಹೊಸೆಯೋರು, ದಿನಾ ಫೋನ್ ಮಾಡೋರು, ಏನಾರ ಬಂತಾ ಸಾರ್ ಅಂತ" ಎಂದವರು, ಹೆಚ್ಚು ಹೇಳಿದೆನೇನೋ ಎಂದು ಮುಂದಿದ್ದ ರಿಜಿಸ್ಟರ್ ಮುಚ್ಚಿದರು. ಹೆಸರು ಕೇಳಿದರೆ ಹೇಳಬಾರದು ಎಂದರು. ಆಮೇಲೆ ನಿಮಗೆ ಬೇರೆಯವರ ಕಣ್ಣು ಸಿಕ್ಕಿತೇ ಎಂದಾದರೂ ಕೇಳಬಹುದಿತ್ತು. ಸಿಗಲಿಲ್ಲ ಎಂದುಬಿಟ್ಟರೆ ಎಂಬ ಹೆದರಿಕೆಗೆ ಕೇಳದೆ ಬಂದೆ. ನಾನು ಇಂಥವಳು. ಅಂದಿನಿಂದ ಅಪ್ಪನ ಫೋಟೋದ ಮುಂದೆ ಊದಿನಕಡ್ಡಿ ಹಚ್ಚುವಾಗೆಲ್ಲ ನಿಮ್ಮ ನೆನಪಾಗುತ್ತದೆ. ಹಚ್ಚುವ ಕೆಲಸವನ್ನು ಲಾಸ್ಯಳಿಗೆ ವಹಿಸಿದ್ದೇನೆ.

ಹೋದ ವಾರ ಅಮ್ಮ ಇದ್ದಕ್ಕಿದ್ದಂತೆ ಹೊಸ ಸೀರೆ ಉಟ್ಟುಕೊಂಡು ತಯಾರಾಗಿ ಕೂತರು. "ನಂದೂ ಕಣ್ಣು ಬರ್ಕೊಟ್ಬುಡ್ತೀನಿ, ನಡಿ" ಎಂದರು. ಅಂದು ಕಾರ್ಡಿನ ಮಾತು ಎತ್ತಿದಾಗ ಎದ್ದು ಅಡುಗೆಮನೆಗೆ ಹೋಗಿದ್ದ ಅಮ್ಮ ಇವರು. ಅದೇ ಕಚೇರಿ, ಅದೇ ಗುರುಕಿರಣ್. ಅವರು ನನ್ನ ಗುರುತು ಹಿಡಿದರೂ ತೋರಿಸಿಕೊಳ್ಳದೆ ಫಾರಂ ಕೊಟ್ಟರು. ಅಮ್ಮ ಫಾರಂಗೆ ಸಹಿ ಹಾಕಿದರು. ಕೆಳಗೆ ಮನೆಯವರೊಬ್ಬರ ಸಹಿ ಬೇಕಿತ್ತು. ಅಮ್ಮ ಪೆನ್ನನ್ನು ನನ್ನ ಕಡೆ ಚಾಚಿ, ಗುರುಕಿರಣ್ ಅವರಿಗೆ ಹೆಮ್ಮೆಯಿಂದ ಹೇಳಿದರು: "ಅವರಪ್ಪಂದೂ ಇವಳೇ ನಿಂತು ಮಾಡ್ಸಿದ್ದು. ಅಂಥಾ ದುಃಖದಲ್ಲೂ ಮರೀಲಿಲ್ಲ."

ಪೆನ್ನು ಹಿಡಿದೆ, ಬರೆಯಲು ಆಗಲಿಲ್ಲ. ಹನ್ನೊಂದು ವರ್ಷದಿಂದ ಒಂದು ವಾರವೂ ಬಿಡದೆ ಬರೆದವಳಿಗೆ ನನ್ನ ಹೆಸರು ಬರೆಯಲು ಆಗಲಿಲ್ಲ. "ಅಮ್ಮ, ಅಪ್ಪನ ಕಣ್ಣು ಯಾರಿಗೂ ಹೋಗಿಲ್ಲ. ನಾನು ಫೋನ್ ಮಾಡ್ಲಿಲ್ಲ. ಬರೀತಾ ಕೂತಿದ್ದೆ" ಎಂದೆ. ಬೆಂಚು, ಬರಹ, ಮಹೇಶ ಜೇಬಿಗಿಟ್ಟ ಪರ್ಸು, ಎಲ್ಲವನ್ನೂ ಅಲ್ಲಿಯೇ ಹೇಳಿದೆ. ಗುರುಕಿರಣ್ ಎದ್ದು ಹೊರಗೆ ಹೋದರು.

ಅಮ್ಮ ಬಯ್ಯಲಿಲ್ಲ. ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಯಾರಿಗೆ ಕರೆ ಮಾಡಬೇಕು ಎಂದಿದ್ದ ಜಾಗದಲ್ಲಿ ನನ್ನ ನಂಬರನ್ನು ಒಂದೊಂದಾಗಿ, ದಪ್ಪಗೆ ಬರೆದರು. "ಮೊದ್ಲು ಫೋನ್ ಮಾಡು. ಬರಿಯೋದು ಆಮೇಲೆ" ಎಂದರು. ನಾನು ಸಹಿ ಹಾಕಿದೆ.

ಕ್ಷಮಿಸಿಬಿಟ್ಟರು ಎಂದುಕೊಂಡು ಆಟೋ ಹತ್ತಿದೆ. ಮೈ ಹಗುರವೂ ಆಗಿತ್ತು, ಸುಳ್ಳು ಹೇಳುವುದಿಲ್ಲ. ಈ ಕಾಗದವನ್ನು ಹಿತ್ತಲ ಮೆಟ್ಟಿಲಿನಲ್ಲಿಯೇ, ಅಪ್ಪ ಹೋದ ದಿನದ ಆ ಬರಹದ ಜಾಗದಲ್ಲಿ ಹಾಕಬೇಕೆಂದು ತೀರ್ಮಾನಿಸಿದ್ದೂ ಆಗಲೇ. ನಿಮ್ಮ ಮನೆಯ ಯಾರಾದರೂ ಓದಿ ನಿಮಗೆ ಹೇಳಿಯಾರು ಎಂಬ ಆಸೆ. ಕುವೆಂಪುನಗರ ದಾಟಿದ ಮೇಲೆ ಅಮ್ಮ ರಸ್ತೆಯನ್ನೇ ನೋಡುತ್ತಾ ಕೇಳಿದರು.

"ಹಂಗಾದ್ರೆ ಮನೆಗೆ ತಂದಾಗ ಅವರ ಕಣ್ಣು ಇತ್ತಾ?"

"ಇತ್ತಮ್ಮ."

"ಎರಡೂ?"

"ಎರಡೂ ಇತ್ತು."

"ಕಣ್ಣು ತೆಗ್ದ್ಬುಟ್ಟಿರ್ತಾರೆ, ಹೆಂಗೆ ನೋಡೋದು ಅಂತ ಹೆದರ್ಕೊಂಡೆ ಕಣೆ. ಎಲ್ರೂ ನೋಡು ನೋಡು ಅಂದ್ರು. ನಾನು ಕಾಲು ಮುಟ್ಟಿ ಎದ್ದು ಬಂದ್ಬುಟ್ಟೆ. ಮುಖ ನೋಡ್ಲಿಲ್ಲ."

ಅಕ್ಕಾ, ಆ ಮುಖವನ್ನು ಅವರಿಂದ ತಪ್ಪಿಸಿದ್ದೂ ನನ್ನ ಆ ಬರಹವೇ.

ನಿಮಗೆ ಬೇರೆ ಯಾರದಾದರೂ ಕಣ್ಣು ಸಿಕ್ಕಿರಲಿ. ಕೊಟ್ಟವರ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಯಾರೋ ಫೋನ್ ಎತ್ತಿಕೊಂಡಿರಲಿ. ನಿಮ್ಮವರ ಮುಖಗಳನ್ನು ನೀವು ಕಣ್ತುಂಬ ನೋಡುತ್ತಾ ನೂರು ಕಾಲ ಬಾಳಿ.

ಕ್ಷಮೆ ಕೇಳುವ ಯೋಗ್ಯತೆ ಇಲ್ಲದಿದ್ದರೂ ಕೇಳುವ,
ನಿಮ್ಮ ಪಾಲನ್ನು ಮಣ್ಣಿಗೆ ಕೊಟ್ಟ
ಶಿಲ್ಪಶ್ರೀ