ದೃಷ್ಟಿಮಣಿ ಕಟ್ಟಿದ ಪಂಪು

ಅತ್ತೆ,

ಹತ್ತಿ ಬಿಡಿಸಲು ಹೊರಟೆ, ಸಂಜೆಗೆ ಬರುತ್ತೇನೆ.

ಬತ್ತಿದ ಸಮುದ್ರದ ಕಡೆಯಿಂದ ಇವತ್ತು ಉಪ್ಪುಧೂಳು ಏಳುವ ಹಾಗಿದೆ, ಕಿಟಕಿ ತೆಗೆಯಬೇಡಿ.

ಐಸಾನೆಮ್‌ಗೆ ಉಬ್ಬಸ ಬಂದರೆ ದೃಷ್ಟಿ ತೆಗೆಯುತ್ತೇನೆಂದು ಆದ್ರಾಸ್ಪನ್ ಸೊಪ್ಪಿನ ಹೊಗೆ ಹಾಕಬೇಡಿ. ಮಗುವಿನ ಎದೆ ಕಟ್ಟುವುದೇ ಆ ಹೊಗೆಗೆ, ಎಷ್ಟು ಸಲ ಹೇಳಲಿ! ನೆಟ್ಟಗೆ ಕೂರಿಸಿ ಬಾಯಿಗೆ ನೀಲಿ ಇನ್ಹೇಲರ್ ಪಂಪು ಕೊಡಿ. ಕಡಿಮೆಯಾಗದಿದ್ದರೆ ತಕ್ಷಣ ಡಾಕ್ಟರಮ್ಮನಿಗೆ ಫೋನ್ ಮಾಡಿ.

ಬೆಳಗಿನ ಜಾವ ಒಂದು ಕನಸು ಬಿತ್ತು. ಸಮುದ್ರ ನಮ್ಮ ಹೊಸ್ತಿಲಿಗೇ ವಾಪಸು ಬಂದಿತ್ತು. ಅಜ್ಜಿ ಮೊಮ್ಮಗಳು ಮೀನಿನ ಹಾಗೆ ಈಜುತ್ತಿದ್ದಿರಿ, ಇಬ್ಬರಿಗೂ ಏದುಸಿರೇ ಇರಲಿಲ್ಲ.

ಅವಳ ಪಂಪು ಬೇಗ ಮುಗಿಯುವುದು ಯಾಕೆಂದು ನನಗೆ ಗೊತ್ತು. ಚಹಾ ಡಬ್ಬಿಯ ಹಿಂದೆ ದೃಷ್ಟಿಮಣಿ ಕಟ್ಟಿದ ಪಂಪಿದೆ, ಡಾಕ್ಟರಮ್ಮ ನಿಮಗೆಂದೇ ಬರೆದುಕೊಟ್ಟದ್ದು. ಮಣಿ ನಿಮ್ಮ ಸಮಾಧಾನಕ್ಕೆ. ಇನ್ನು ಕೊಟ್ಟಿಗೆಗೆ ಹೋಗಿ ಕದ್ದುಮುಚ್ಚಿ ಉಸಿರಾಡಬೇಡಿ.

ಜುಮಾಗುಲ್