ಗಾಳಿ ಬಿದ್ದ ಸಂಜೆ ಕಣದಲ್ಲಿ ಆಡಿದ ಮಾತು

ಅಪ್ಪಾ,

ಸುರಪುರದ ಕಡೆಯಿಂದ ಬಂದು ಡೇರೆ ಹಾಕಿದ್ದ ಗಿರ್ದಾವರ ನಮ್ಮ ಮನೆಗೆ ಬಂದ ಆ ಬೆಳಿಗ್ಗೆ ನಿನಗೆ ನೆನಪಿರಲೇಬೇಕು. ಸರ್ಕಾರದ ಲೆವಿ ಧಾನ್ಯ ವಸೂಲಿಗೆ ಬಂದ ಆ ಕಂದಾಯ ಅಧಿಕಾರಿ ಮನೆ ಹುಡುಕಲಿಲ್ಲ, ಕೊಟ್ಟಿಗೆ ನೋಡಲಿಲ್ಲ. ನೆಟ್ಟಗೆ ಬೇವಿನ ಬುಡಕ್ಕೆ ಹೋಗಿ, ನೀನೂ ನಿನ್ನ ಗೆಳೆಯ ಸಾಬಣ್ಣ ಕಾಕಾನೂ ಸೇರಿ ಜೋಳ ಮುಚ್ಚಿಟ್ಟಿದ್ದ ನೆಲದೊಳಗಿನ ಹಗೇವನ್ನು ಅಗೆಸಿದ. ವರ್ಷದ ಊಟ ಬಂಡಿ ಏರಿತು. "ನಾ ಹೇಳಿಲ್ಲ, ನೀ ಹೇಳಿಲ್ಲ. ಹಂಗಾರ ಉಳದಾವ ಯಾರು?" ಅಂದೆ ನೀನು ನನಗೆ.

ಹಿಂದಿನ ಸಂಜೆ ಕಣದಲ್ಲಿ ತೂರುತ್ತಿದ್ದಾಗ ಗಾಳಿ ಬಿದ್ದುಹೋಗಿ, ಹೊಟ್ಟು ಕಾಳಿನ ಮೇಲೆಯೇ ಸುರಿಯತೊಡಗಿತ್ತು. ನೀವಿಬ್ಬರೂ ಮೊರ ಕೆಳಗಿಟ್ಟು, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡೇ ಹಗೇವಿನ ಮಾತು ಆಡಿದ್ದಿರಿ. ಗಿರ್ದಾವರನ ಡೇರೆ ಹಳ್ಳದಾಚೆಯ ಹುಣಸೆ ತೋಪಿನಲ್ಲಿತ್ತು. ಹಗಲು ಕೂಗಿದರೂ ಅಲ್ಲಿಗೆ ಕೇಳಿಸದು. ಮತ್ತೆ ಯಾರನ್ನು ಅನುಮಾನಿಸುವುದು? ಸಾಬಣ್ಣ ಕಾಕಾ ಚಾಡಿಕೋರನೆಂದು ಊರಿಗೆಲ್ಲ ಹೇಳಿದವನು ನಾನು. ಜ್ವರದಲ್ಲಿ ಮಲಗಿದಾಗಲೂ ನೀನು, "ಅವನ್ನ ಒಳಗ ಬಿಡಬ್ಯಾಡ" ಅಂದೆ. ಬಿಡಲಿಲ್ಲ. ಆಮೇಲೆ ನೀನೇ ಹೋಗಿಬಿಟ್ಟೆ.

ಈ ಚಳಿಗಾಲ ಕುರಿ ಕಾಯುತ್ತ ಅದೇ ತೋಪಿನಲ್ಲಿ ಒಲೆ ಹಚ್ಚಿದ್ದೆ. ಹೊತ್ತು ಮುಳುಗುತ್ತಲೇ ನೆಲ ತಣ್ಣಗಾಯಿತು, ಕೆಳಗೆ ಗಾಳಿ ನಿಂತಿತು. ಹುಣಸೆಯ ತುದಿಯ ಎಲೆ ಅಲುಗುತ್ತಿತ್ತು. ಬುಡದಲ್ಲಿ ಬೂದಿ ಕೂಡ ಕದಲಲಿಲ್ಲ. ಹೊಗೆ ಮೇಲೇರದೆ ಚಾಪೆಯಂತೆ ಹಾಸಿಕೊಂಡಿತು. ಆಗ ಪಕ್ಕದಲ್ಲೇ ಕೂತು ಹೇಳಿದಂತೆ ಅವ್ವನ ದನಿ: "ಬೆಲ್ಲ ಗ್ವಾಡಿ ಮಾಡದಾಗ ಇಟ್ಟೀನಿ. ನಿಮ್ಮಣ್ಣಗ ಹೇಳಬ್ಯಾಡ." ಎದ್ದು ನೋಡಿದೆ. ಅವ್ವ, ತಂಗಿ ಇಬ್ಬರೂ ಹಳ್ಳದ ಆ ದಂಡೆಯಲ್ಲಿ, ನಮ್ಮ ಕಣದಲ್ಲಿದ್ದರು.

ಮರುದಿನ ಮನೆಗೆ ಹೋಗಿ, "ಮಾಡದಾಗಿನ ಬೆಲ್ಲ ಕೊಡಬೇ" ಅಂದೆ. ಅವ್ವ ತಟ್ಟನೆ ತಂಗಿಯ ಕಡೆ ತಿರುಗಿ, "ನೀನ ಹೇಳಿದಿ ಅಲಾ?" ಅಂದಳು. ಆ ಹುಡುಗಿ ಅಳತೊಡಗಿದಳು. ಗಿರ್ದಾವರನೂ ಹೀಗೆಯೇ ಕೇಳಿಸಿಕೊಂಡನೇ? ನನ್ನ ಕಿವಿಯ ಮೇಲೂ ಅನುಮಾನವಾಗಿ ಮತ್ತೆ ಮತ್ತೆ ತೋಪಿಗೆ ಹೋದೆ. ಗಾಳಿ ಬೀಸಿದ ಸಂಜೆ ಏನೂ ಕೇಳಲಿಲ್ಲ. ಗಾಳಿ ಬಿದ್ದ ಸಂಜೆ, ಕಣದ ಮಾತೆಲ್ಲ ಆ ಹೊಗೆಯಂತೆ ನೆಲ ಹಿಡಿದು ಹಳ್ಳ ದಾಟಿ ಬಂದು ಕೇಳಿಸಿತು.

ಸಾಬಣ್ಣ ಕಾಕಾನ ಮನೆಗೆ ಹೋಗಿ, ಕಾಲು ಹಿಡಿದು ಎಲ್ಲ ಹೇಳಿದೆ. ನನ್ನನ್ನು ಎಬ್ಬಿಸಿ ಪಕ್ಕದಲ್ಲಿ ಕೂರಿಸಿಕೊಂಡ. ಆಮೇಲೆ, "ನಾನೂ ನಿಮ್ಮಪ್ಪನ ಮ್ಯಾಲ ಅನುಮಾನ ಪಟ್ಟಿದ್ನಿ ತಮ್ಮಾ. ನನ್ನ ಜ್ವಾಳಾನೂ ಹೋಗಿತ್ತಲ್ಲ" ಅಂದ.

ನಿನಗೆ ತಿಳಿಯದ ಇನ್ನೊಂದು ಮಾತಿದೆ, ಅಪ್ಪಾ. ನಿನ್ನ ಮಣ್ಣಿಗೆ ಅವನೂ ಬಂದಿದ್ದನಂತೆ. ನಾನು ಬೈದು ಅಟ್ಟುತ್ತೇನೆಂದು ಜಾಲಿಯ ಮರೆಯಲ್ಲಿ ನಿಂತಿದ್ದನಂತೆ. ನಾವೆಲ್ಲ ತಿರುಗಿ ಹೋದ ಮೇಲೆ ಒಬ್ಬನೇ ಬಂದು, ಒಂದು ಹಿಡಿ ಮಣ್ಣು ಹಾಕಿ ಹೋದನಂತೆ.